ಒಂದೇ ಜಗಲಿ, ಎರಡು ಎಡೆ

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟ ಮೇಲೆ ಬಾಗಿಲು ಮುಂದಕ್ಕೆಳೆದುಕೊಂಡು ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಸತ್ತವರು ಬಂದು ಉಣ್ಣುವಾಗ ಬದುಕಿರುವವರು ಎದುರು ಕೂತು ಬಾಯಿ ನೋಡಬಾರದು. ಕಾಲು ಗಂಟೆ ಕಳೆದ ಮೇಲೆ ಮನೆಯ ಕಿರಿಮಗ ಬಾಗಿಲನ್ನು ಮೂರು ಸಲ ತಟ್ಟಿ, "ಅವ್ವಾ, ಉಂಡ್ಯಾ? ಬಾಗ್ಲು ತಗೀತೀವಿ" ಎಂದು ಕೇಳಿ ತೆರೆಯಬೇಕು. ಯಲಹಂಕದ ಪಕ್ಕದ ಕೋಗಿಲಿನ ಲಕ್ಕಣ್ಣನ ಮನೆಯಲ್ಲಿ ಈ ಕೆಲಸ ಯಾವತ್ತೂ ತಮ್ಮ ಮುನಿನಾರಾಯಣಪ್ಪನದು. ಅವ್ವ ಮುನಿಕೆಂಪಮ್ಮ ಬದುಕಿದ್ದಾಗಲೂ ಹಾಗೆಯೇ. ಎಂಥ ನಿದ್ದೆಯಲ್ಲಿದ್ದರೂ ಕಿರಿಯವನು ಬಾಗಿಲು ತಟ್ಟಿದರೆ ಎದ್ದು ಬರುತ್ತಿದ್ದಳು. ಹಿರಿಯವನು ತಟ್ಟಿದರೆ ಒಳಗಿಂದಲೇ "ಯಾರದು?" ಎನ್ನುತ್ತಿದ್ದಳು.

ಈ ವರ್ಷ ಲಕ್ಕಣ್ಣನ ಬಾಗಿಲು ತಟ್ಟುವವರು ಇರಲಿಲ್ಲ. ತಮ್ಮ ತನ್ನ ಮನೆಯಲ್ಲಿ ಬೇರೆಯೇ ಎಡೆ ಇಟ್ಟಿದ್ದ.

ಬೇರೆ ಮನೆ ಎಂದರೆ ಬಹಳ ದೂರವೇನಲ್ಲ. ಅಪ್ಪ ಕಟ್ಟಿಸಿದ ಹಳೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿ ಇಪ್ಪತ್ತು ವರ್ಷವಾಗಿತ್ತು. ಸುತ್ತಲಿನ ಹೊಲಗಳು ಸೈಟುಗಳಾಗಿ, ಸೈಟುಗಳು ಅಪಾರ್ಟ್‌ಮೆಂಟುಗಳಾಗಿ ಮನೆಯ ಮೇಲೆ ಬೆಳಿಗ್ಗೆ ಹತ್ತರವರೆಗೆ ಬಿಸಿಲೇ ಬೀಳದ ಹಾಗಾಗಿದ್ದರೂ ಮುಂದಿನ ಜಗಲಿ ಮಾತ್ರ ಒಂದೇ ಆಗಿ ಉಳಿದಿತ್ತು. ಜಗಲಿಗೆ ಗೋಡೆ ಹಾಕಲು ಅವ್ವ ಬಿಟ್ಟಿರಲಿಲ್ಲ. ಹಾಗಾಗಿ ಈಗ ಮಟಮಟ ಮಧ್ಯಾಹ್ನದಲ್ಲಿ, ಮುಚ್ಚಿದ ಎರಡು ಬಾಗಿಲುಗಳ ಮುಂದೆ, ಒಂದೇ ಜಗಲಿಯ ಆ ತುದಿಯಲ್ಲಿ ತಮ್ಮ ಮತ್ತು ಅವನ ಹೆಂಡತಿ ಸುಮಾ, ಈ ತುದಿಯಲ್ಲಿ ಲಕ್ಕಣ್ಣ ಒಬ್ಬನೇ, ಪರಸ್ಪರ ಕಾಣದವರಂತೆ ಬೀದಿ ನೋಡುತ್ತ ನಿಂತಿದ್ದರು.

ಅಣ್ಣತಮ್ಮಂದಿರ ಮಾತು ನಿಂತದ್ದು ಆಸ್ತಿಗಲ್ಲ. ಆಸ್ತಿಗಾಗಿದ್ದರೆ ಊರವರು ಅರ್ಥ ಮಾಡಿಕೊಳ್ಳುತ್ತಿದ್ದರು. ನಿಂತದ್ದು ಒಂದು ಫ್ಲೆಕ್ಸಿಗೆ. ಇಬ್ಬರೂ ಒಂದೇ ಪಕ್ಷದವರು. ಗೋಡೆಗೆ ಪೋಸ್ಟರು ಅಂಟಿಸುವ ಕಾಲದಿಂದಲೂ ಒಂದೇ ಬಕೀಟಿನ ಮೈದಾ ಅಂಟಿನಲ್ಲಿ ಕೈ ಅದ್ದಿದವರು. ಮೂರು ವರ್ಷದ ಹಿಂದೆ ಮಾಜಿ ಕಾರ್ಪೊರೇಟರ್ ಸಿದ್ದಲಿಂಗ ಯಲಹಂಕದಲ್ಲಿ ನಡೆದ ಸಮಾವೇಶಕ್ಕೆ ಹಾಕಿಸಿದ ಫ್ಲೆಕ್ಸಿನಲ್ಲಿ ಮುನಿನಾರಾಯಣಪ್ಪನ ಮುಖ ತೆಂಗಿನಕಾಯಿಯಷ್ಟಿತ್ತು, ಲಕ್ಕಣ್ಣನ ಮುಖ ನಿಂಬೆಹಣ್ಣಿನಷ್ಟಿತ್ತು. ಲಕ್ಕಣ್ಣ ಮಾರನೆಯ ದಿನವೇ ಸಿದ್ದಲಿಂಗನ ಬಣ ಬಿಟ್ಟು ಬ್ಲಾಕ್ ಅಧ್ಯಕ್ಷ ಅನಂತರಾಜುವಿನ ಬಣ ಸೇರಿದ. ಅರವತ್ತು ತುಂಬಿದ ಮನುಷ್ಯ ಇದಕ್ಕೆಲ್ಲ ಮುನಿಸಿಕೊಳ್ಳುತ್ತಾನೆಯೇ ಎಂದರೆ, ಮುನಿಸಿಕೊಳ್ಳುತ್ತಾನೆ. ಪಕ್ಷದಲ್ಲಿ ನಲವತ್ತು ವರ್ಷ ದುಡಿದವನಿಗೆ ಕೊನೆಗೆ ಸಿಗುವುದು ಫ್ಲೆಕ್ಸಿನಲ್ಲಿ ಒಂದು ಮುಖ, ಅದೂ ನಿಂಬೆಹಣ್ಣಾದರೆ ಏನು ಮಾಡಬೇಕು?

ಅವನು ಮಾಡಿದ್ದು 'ಕೋಗಿಲು ಕಟ್ಟೆ' ಎಂಬ ಫೇಸ್‌ಬುಕ್ ಪೇಜು. ಹೆಂಡತಿ ಸೊಣ್ಣಮ್ಮ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ, ಹೊತ್ತು ಬೇಕಾದಷ್ಟಿತ್ತು. ಸಿದ್ದಲಿಂಗನ ಬಣದವರ ಒಬ್ಬೊಬ್ಬರ ಜಾತಕವನ್ನೂ ಬಿಡಿಸಿ ಬರೆದ. ನಾಲಿಗೆ ಚುರುಕಿತ್ತು, ಹದಿನೆಂಟು ಸಾವಿರ ಜನ ಸೇರಿದರು. ಬೆಳಿಗ್ಗೆ ಎದ್ದರೆ ಇನ್ನೂರು ಜನ ಭೇಷ್ ಎನ್ನುವವರು, ನೂರು ಜನ ಥೂ ಎನ್ನುವವರು. ಹದಿನೆಂಟು ಸಾವಿರದಲ್ಲಿ ಒಬ್ಬನೂ ಊಟ ಆಯ್ತಾ ಲಕ್ಕಣ್ಣ ಎಂದು ಕೇಳಿದವನಲ್ಲ.

ಮಾತು ಬಿಟ್ಟ ಮೇಲೂ ಎರಡು ವರ್ಷ ತಮ್ಮ ಅಮಾವಾಸ್ಯೆಗೆ ಬಂದಿದ್ದ. ತುಟಿ ಎರಡು ಮಾಡದೆ ಬಂದು, ಬಾಗಿಲು ತಟ್ಟಿ, ಅವ್ವನ ಎಲೆಯ ಎಡಗಡೆ ಕೂತು ಉಂಡು ಎದ್ದು ಹೋಗಿದ್ದ. ಅವ್ವನ ಎಡೆಯನ್ನು ಇಬ್ಬರು ಮಕ್ಕಳೂ ಒಂದೇ ಎಲೆಯಲ್ಲಿ ಉಣ್ಣುವುದು ಆ ಮನೆಯ ಪದ್ಧತಿ. ಬಲಗಡೆ ಹಿರಿಯವನು, ಎಡಗಡೆ ಕಿರಿಯವನು. ವರ್ಷದಲ್ಲಿ ಆ ಅರ್ಧ ಗಂಟೆಗಾಗಿ ಲಕ್ಕಣ್ಣ ಎಷ್ಟು ಕಾಯುತ್ತಿದ್ದ ಎಂಬುದು ಅವನಿಗೇ ತಿಳಿದಿರಲಿಲ್ಲ, ಮೊನ್ನೆ ಸುಮಾ ಜಗಲಿಯಲ್ಲಿ ತಲೆ ತಗ್ಗಿಸಿ ನಿಂತು ಹೇಳುವವರೆಗೆ.

"ಭಾವ, ಈ ಸಲ ನಾವು ಬೇರೆ ಎಡೆ ಇಡ್ತೀವಿ. ಅವ್ರು ಏಳವ್ರೆ."

"ಯಾಕಮ್ಮ? ಎರಡು ವರ್ಷ ಬಂದೋನು ಈಗೇನಾಯ್ತು?"

"ನಂಗೊತ್ತಿಲ್ಲ ಭಾವ. ಇಂಗೇ ಅಂತ ಏಳಿದ್ರೆ ಇಂಗೇ ಅವ್ರು."

ಲಕ್ಕಣ್ಣನಿಗೂ ಗೊತ್ತಾಗಲಿಲ್ಲ. ಸಿದ್ದಲಿಂಗ ತಮ್ಮನಿಗೆ ವಾರ್ಡಿನ ಟಿಕೆಟ್ಟಿನ ಆಸೆ ತೋರಿಸಿದ್ದ, ಅದರ ಬಿಂಕವಿರಬೇಕು ಎಂದುಕೊಂಡ. ತಾನೇ ಮುದ್ದೆ ತಿರುವಿ, ಕೋಳಿ ಸಾರು ಮಾಡಿ, ಕಜ್ಜಾಯವನ್ನು ಮಾತ್ರ ಅಂಗಡಿಯಿಂದ ತಂದ. ಅಪ್ಪನ ಎಲೆಗೆ ಬೀಡಿ ಕಟ್ಟು, ಸೊಣ್ಣಮ್ಮನ ಎಲೆಗೆ ಮಲ್ಲಿಗೆ, ಅವ್ವನ ಎಲೆಗೆ ಹೊಗೆಸೊಪ್ಪು ಇಟ್ಟ. ಒಬ್ಬನೇ ಧೂಪ ಹಾಕಿ, ಒಬ್ಬನೇ ಹೊರಗೆ ಬಂದ.

ನಿಂತು ಬೇಸರವಾಗಿ ಫೋನು ತೆಗೆದ. ಅನಂತರಾಜುವಿನ ಸಂದೇಶ ಬೆಳಿಗ್ಗೆಯಿಂದ ಹಾಗೇ ಇತ್ತು. 'ನೇರನುಡಿ' ಎಂಬ ಕಳ್ಳ ಹೆಸರಿನ ಖಾತೆಯೊಂದು ಎರಡು ವರ್ಷದಿಂದ ಅನಂತರಾಜುವಿಗೂ ಲಕ್ಕಣ್ಣನಿಗೂ ಬಾಯಿಗೆ ಬಂದಂತೆ ಬೈಯುತ್ತಿತ್ತು. ಅವನು ಪಕ್ಷದವನೇ, ಒಳಗಿನ ಗುಟ್ಟೆಲ್ಲ ಗೊತ್ತಿರುವವನು. ಯಾರೆಂದು ಸೋಮವಾರದೊಳಗೆ ತಿಳಿದರೆ ಪಕ್ಷದಿಂದಲೇ ಕಿತ್ತೆಸೆಯುತ್ತೇನೆ ಎಂದು ಅಧ್ಯಕ್ಷರು ಹಲ್ಲು ಕಡಿಯುತ್ತಿದ್ದರು.

ಲಕ್ಕಣ್ಣನಿಗೂ ಅವನ ಮೇಲೆ ಕಡಿಮೆ ಸಿಟ್ಟೇನೂ ಇರಲಿಲ್ಲ. ಐದು ವಾರದ ಹಿಂದೆ ಆ ನೇರನುಡಿ ಬರೆದಿದ್ದ, 'ಹೆಂಡತಿ ಸತ್ತ ಮೇಲೆ ಮಾತಾಡಿಸುವವರೂ ಇಲ್ಲದೆ ಇಲ್ಲಿ ಬಂದು ಬೊಗಳುತ್ತಾನೆ.' ಅದು ನಿಜವಾಗಿತ್ತು, ಅದಕ್ಕೇ ಎದೆಗೆ ನಾಟಿತು. ಲಕ್ಕಣ್ಣ ಒಂದು ಗಂಟೆ ಯೋಚಿಸಿ ತಿರುಗಿ ಬರೆದ. 'ನಿನ್ನನ್ನು ಹೆತ್ತವಳಿಗೆ ನಿನ್ನ ಅಪ್ಪ ಯಾರೆಂದು ಗೊತ್ತಿದ್ದಿದ್ದರೆ ನೀನು ಸ್ವಂತ ಹೆಸರಿನಲ್ಲಿ ಬರೆಯುತ್ತಿದ್ದೆ.' ಬಣದವರೆಲ್ಲ ಕುಣಿದಾಡಿದರು. ಸೂಪರ್ ಗುರು, ಬೆಂಕಿ ಗುರು ಎಂದು ಸಾಲು ಹಚ್ಚಿದರು. ಅಂದು ರಾತ್ರಿ ಲಕ್ಕಣ್ಣ ಎರಡು ಮುದ್ದೆ ಉಂಡ.

ಅದಾದ ಮೇಲೆ ನೇರನುಡಿ ಬಾಯಿ ಮುಚ್ಚಿಕೊಂಡಿದ್ದ. ಈಗ ಹೊತ್ತು ಹೋಗದೆ ಲಕ್ಕಣ್ಣ ಅದೇ ಮಾತಿನ ಕೆಳಗೆ ಅವನ ಹೆಸರು ಹಾಕಿ ಒಂದು ಸಾಲು ಒತ್ತಿದ. 'ಏನಯ್ಯಾ ನೇರನುಡಿ, ನಾಲಿಗೆ ಬಿದ್ದುಹೋಯಿತೋ?'

ಜಗಲಿಯ ಆ ತುದಿಯಲ್ಲಿ ಕೋಳಿ ಕೂಗಿತು.

ನಿಜವಾದ ಕೋಳಿಯಲ್ಲ. ತಮ್ಮನ ಮಗಳು ರಕ್ಷಾ ತಮಾಷೆಗೆಂದು ಅಪ್ಪನ ಫೋನಿಗೆ ಹಾಕಿಕೊಟ್ಟಿದ್ದ ಸದ್ದು ಅದು. ಗೋಡೆಯ ಆಚೆಯಿಂದ ಲಕ್ಕಣ್ಣ ಅದನ್ನು ಎರಡು ವರ್ಷದಿಂದ ಹೊತ್ತುಗೊತ್ತಿಲ್ಲದೆ ಕೇಳುತ್ತಲೇ ಇದ್ದ. ಮುನಿನಾರಾಯಣಪ್ಪ ಜೇಬಿನಿಂದ ಫೋನು ತೆಗೆದು ನೋಡಿ ಮತ್ತೆ ಜೇಬಿಗೆ ಹಾಕಿಕೊಂಡ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರಬಹುದು ಎಂದುಕೊಂಡು ಲಕ್ಕಣ್ಣ ಇನ್ನೊಂದು ಸಾಲು ಒತ್ತಿದ. 'ಇದ್ದೀಯೋ ಇಲ್ಲವೋ?'

ಕೋಳಿ ಮತ್ತೆ ಕೂಗಿತು. ಈ ಸಲ ತಮ್ಮ ಫೋನು ತೆಗೆಯಲಿಲ್ಲ, ನೇರವಾಗಿ ಅಣ್ಣನನ್ನು ನೋಡಿದ. ಮೂರು ವರ್ಷದ ಮೇಲೆ ಮೊದಲ ಬಾರಿಗೆ.

ಲಕ್ಕಣ್ಣನಿಗೆ ಮೊದಲು ಬಂದದ್ದು ಸಿಟ್ಟು. ಅದರ ಬೆನ್ನಿಗೇ ತಾನು ಬರೆದ ಆ ಸಾಲು ನೆನಪಿಗೆ ಬಂತು. ನಿನ್ನನ್ನು ಹೆತ್ತವಳಿಗೆ. ಅವನನ್ನು ಹೆತ್ತವಳು ಈಗ ಬಾಗಿಲ ಹಿಂದೆ ಕೂತು ಉಣ್ಣುತ್ತಿದ್ದಳು. ಲಕ್ಕಣ್ಣ ಬಾಗಿಲ ಪಟ್ಟಿ ಹಿಡಿದುಕೊಂಡ.

"ನೀನೇನೋ ಅದು?"

"ಇನ್ಯಾರು? ನೀನು ಬರ್ದಿದ್ನೆಲ್ಲಾ ಕೊನೇ ಗಂಟ ಓದೋನು ನನ್ ಬಿಟ್ರೆ ಇನ್ಯಾವನವ್ನೆ?"

"ನಂಗೊತ್ತಿರ್ಲಿಲ್ಲ ಕಣೋ. ನಿಜವಾಗ್ಲೂ ಗೊತ್ತಿರ್ಲಿಲ್ಲ."

"ಗೊತ್ತಿಲ್ದಿದ್ರೆ? ಬೇರೆಯೋರ್ ಅವ್ವಂಗಾದ್ರೆ ಅಂಗನ್ಬೌದಾ?" ಮುನಿನಾರಾಯಣಪ್ಪನ ದನಿ ಏರಲಿಲ್ಲ, ಅದೇ ಇನ್ನೂ ಕಷ್ಟವಾಗಿತ್ತು. "ನಾನೂ ಸತ್ತಿರೋ ಅತ್ತಿಗೆ ಎಸ್ರು ಎತ್ಬಾರ್ದಿತ್ತು..." ಎಂದವನು ಅಲ್ಲಿಗೇ ನಿಲ್ಲಿಸಿದ.

"ಈಗ್ಲೇ ಅಳಿಸ್ತೀನಿ."

"ಎಲ್ಲೆಲ್ಲಿ ಅಳಿಸ್ತೀಯ? ಸ್ಕ್ರೀನ್‌ಶಾಟ್ ತೆಗ್ದು ಎಲ್ಲಾ ಗ್ರೂಪ್‌ಗೂ ಆಕವ್ರೆ ನಿಮ್ಮೋರು. ಜಕ್ಕೂರಿಂದ ಬಾಗಲೂರ್ ಗಂಟ ಓದಿ ನಕ್ಕವ್ರೆ. ಅವ್ವಂಗೆ ಓದಕ್ ಬರ್ತಿರ್ಲಿಲ್ಲ, ಅಷ್ಟೇ ಪುಣ್ಯ."

ಅಷ್ಟರಲ್ಲಿ ಲಕ್ಕಣ್ಣನ ಫೋನು ಬಡಿದುಕೊಂಡಿತು. ಅನಂತರಾಜು. ಕಿವಿ ಮಂದವಾದ ಮೇಲೆ ಲಕ್ಕಣ್ಣ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು. ಕೈಯ ಅಭ್ಯಾಸ, ಈಗಲೂ ಅದನ್ನೇ ಒತ್ತಿತು.

"ಏನ್ ಲಕ್ಕಣ್ಣೋರೆ, ಸಿಕ್ಕಿದ್ನಾ ಆ ನನ್ಮಗ? ಹೆಸ್ರು ಒಂದು ಕೊಡಿ ಸಾಕು. ಸೋಮವಾರ ಪಕ್ಷದ ಆಫೀಸ್‌ಗೆ ಕಳಿಸ್ಬೇಕು. ನಿಮ್ಗೂ ಒಂದು ಪೋಸ್ಟಿಂಗ್ ಇಟ್ಟಿದೀನಿ, ಜಿಲ್ಲಾ ವಕ್ತಾರ!"

ಸುಮಾ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ಮುನಿನಾರಾಯಣಪ್ಪ ಮುಖ ತಿರುಗಿಸಿ ಬೀದಿ ನೋಡತೊಡಗಿದ. ಅವನ ಕುತ್ತಿಗೆಯ ನರ ಎದ್ದು ನಿಂತದ್ದು ಲಕ್ಕಣ್ಣನಿಗೆ ಕಂಡಿತು. ಚಿಕ್ಕಂದಿನಲ್ಲಿ ಮೇಷ್ಟರ ಕೈಲಿ ಏಟು ತಿನ್ನುವ ಮುಂಚೆಯೂ ಅವನಿಗೆ ಹೀಗೇ ನರ ಏಳುತ್ತಿತ್ತು.

"ಸಿಕ್ದ ಅಧ್ಯಕ್ಷರೇ," ಎಂದ ಲಕ್ಕಣ್ಣ.

"ಯಾರು? ಯಾರವನು?"

"ಪೇಜ್ ನೋಡ್ತಿರಿ. ಈಗ ಆಕ್ತೀನಿ."

ಫೋನಿಟ್ಟು ಜಗಲಿಯ ಅಂಚಿನಲ್ಲಿ ಕೂತ. ಬರೆಯಲು ಹೊರಟವನಿಗೆ ಕಷ್ಟ ಏನೆಂದು ತಿಳಿಯಿತು. ಹದಿನೆಂಟು ಸಾವಿರ ಜನರೆದುರು ಆಡಿದ ಮಾತಿಗೆ ಹದಿನೆಂಟು ಸಾವಿರ ಜನರೆದುರೇ ತಪ್ಪೊಪ್ಪಿಕೊಳ್ಳಬೇಕು. ಆದರೆ ನಮ್ಮವ್ವ ಎಂದು ಒಂದು ಮಾತು ಬರೆದರೆ ತಮ್ಮ ಸಿಕ್ಕಿಬೀಳುತ್ತಾನೆ. ಬರೆಯದಿದ್ದರೆ ಅವ್ವನ ಮುಂದೆ ಬಾಗಿಲು ತೆರೆಯಲು ತನಗೆ ಮುಖವಿಲ್ಲ. ಎರಡು ಮನೆಯ ಧೂಪದ ಹೊಗೆಯೂ ಬಾಗಿಲ ಸಂದಿನಿಂದ ಬಂದು ಜಗಲಿಯಲ್ಲಿ ಒಂದಾಗಿ ಹೋಗುತ್ತಿತ್ತು.

ಆಮೇಲೆ ಒಂದೊಂದೇ ಅಕ್ಷರ ಒತ್ತಿದ. 'ನೇರನುಡಿ ಎಂಬ ಕಳ್ಳ ಹೆಸರಿನಲ್ಲಿ ಬರೆಯುತ್ತಿದ್ದವನು ನಾನೇ, ಕೋಗಿಲು ಲಕ್ಕಣ್ಣ. ಪೇಜು ಓಡಲಿ ಎಂದು ನನಗೆ ನಾನೇ ಬೈದುಕೊಂಡೆ, ಅಧ್ಯಕ್ಷರಿಗೂ ಬೈದೆ. ಆದ್ದರಿಂದ ಹೆತ್ತವಳ ಬಗ್ಗೆ ನಾನು ಬರೆದ ಹೊಲಸು ಮಾತು ಇನ್ನೊಬ್ಬರ ತಾಯಿಗೆ ಸೇರಿದ್ದಲ್ಲ. ಅದು ನಮ್ಮವ್ವ ಮುನಿಕೆಂಪಮ್ಮನಿಗೇ ಆಡಿದ್ದು. ಅಂಥ ತಾಯಿಗೆ ಅಂಥ ಮಾತು ಆಡಿದವನು ನಾನು. ತಪ್ಪಾಯಿತು ಅವ್ವ.'

ಒತ್ತಿದ. ಆ ತುದಿಯಲ್ಲಿ ಕೋಳಿ ಕೂಗಿತು.

ಮುನಿನಾರಾಯಣಪ್ಪ ಜೇಬಿನ ಫೋನಿಗೆ ಕೈ ಹಾಕಿದ. ತೆಗೆದು ಓದಿದ. ಮತ್ತೆ ಮೊದಲಿನಿಂದ ಓದಿದ. ಅಷ್ಟರಲ್ಲಿ ಲಕ್ಕಣ್ಣನ ಫೋನಿನಲ್ಲಿ ಜಾತ್ರೆ ಶುರುವಾಗಿತ್ತು. ಅಧ್ಯಕ್ಷರು ಒಂದೇ ಅಕ್ಷರ ಕಳಿಸಿದ್ದರು, 'ಥೂ'. ಯಲಹಂಕ ಬ್ಲಾಕ್ ಗ್ರೂಪಿನಿಂದ ಅವನನ್ನು ತೆಗೆದುಹಾಕಿದರು. ಸೋಷಿಯಲ್ ಮೀಡಿಯಾ ಗ್ರೂಪಿನಿಂದ ತೆಗೆದುಹಾಕಿದರು. ಹಿರಿಯ ಕಾರ್ಯಕರ್ತರ ಗ್ರೂಪಿನಿಂದಲೂ ತೆಗೆದುಹಾಕಿದರು. ಬೆಂಕಿ ಗುರು ಎಂದಿದ್ದವನೇ ಎಲ್ಲರಿಗಿಂತ ಮೊದಲು ಬಂದು, ಅವ್ವನನ್ನು ಮತ್ತೆ ಬೀದಿಗೆಳೆದು ಒಂದು ಮಾತು ಬರೆದಿದ್ದ. ಲಕ್ಕಣ್ಣ ಪೇಜನ್ನೇ ಅಳಿಸಿಹಾಕಿ ಫೋನನ್ನು ಜಗಲಿಯ ಮೇಲೆ ಮಗುಚಿಟ್ಟ. ನಲವತ್ತು ವರ್ಷದ ಪಕ್ಷ, ಮೂರು ವರ್ಷದ ಪೇಜು, ಎರಡೂ ಒಂದು ಕೈತುತ್ತು ಉಣ್ಣುವಷ್ಟರಲ್ಲಿ ಮುಗಿದುಹೋಗಿದ್ದವು.

ಹೆಜ್ಜೆಯ ಸದ್ದಾಯಿತು. ತಮ್ಮ ಜಗಲಿ ದಾಟಿ ಬರುತ್ತಿದ್ದ. ಕೂತಿದ್ದ ಅಣ್ಣನ ಪಕ್ಕದಲ್ಲೇ ಹಾದು ಬಾಗಿಲ ಮುಂದೆ ನಿಂತು ಮೂರು ಸಲ ತಟ್ಟಿದ.

"ಅವ್ವಾ, ಉಂಡ್ಯಾ? ಬಾಗ್ಲು ತಗೀತೀವಿ," ಎಂದ. ಆಮೇಲೆ ಅಣ್ಣನ ಕಡೆ ನೋಡದೆಯೇ, "ಒಳೀಕೋಗು. ಎಷ್ಟೊತ್ತು ಕಾಯ್ತಾಳೆ ಆವಮ್ಮ," ಎಂದು ತನ್ನ ತುದಿಗೆ ಹೋದ. ತನ್ನ ಬಾಗಿಲನ್ನೂ ಮೂರು ಸಲ ತಟ್ಟಿ, ಸುಮಾಳನ್ನು ಕರೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಲಕ್ಕಣ್ಣ ಒಳಗೆ ಹೋದ. ದೀಪ ಉರಿಯುತ್ತಿತ್ತು. ಮೂರು ಎಲೆಗಳೂ ಇಟ್ಟ ಹಾಗೇ ಇದ್ದವು, ಮುದ್ದೆ ತಣ್ಣಗಾಗಿ ಮೇಲೆ ಸಿಪ್ಪೆ ಕಟ್ಟಿತ್ತು. ಅವ್ವನ ಎಲೆಯ ಮುಂದೆ ಬಲಗಡೆ ಚಕ್ಕಳಮಕ್ಕಳ ಹಾಕಿ ಕೂತ. ಎಡಗಡೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟ. ಮುದ್ದೆಯನ್ನು ನಡುವೆ ಮುರಿದು, ಕಜ್ಜಾಯಗಳನ್ನು ಅತ್ತ ಎರಡು ಇತ್ತ ಎರಡು ಮಾಡಿ, ತನ್ನ ಪಾಲನ್ನು ನಿಧಾನವಾಗಿ ಉಂಡ. ಅಂಗಡಿಯ ಕಜ್ಜಾಯ, ಕಚ್ಚಲು ಗಟ್ಟಿಯಾಗಿತ್ತು. ಗೋಡೆಯ ಆಚೆ ಪಾತ್ರೆಯ ಸದ್ದು, ಸುಮಾ ಏನೋ ಕೇಳಿದ್ದು ಕೇಳಿಸಿತು. ಕೋಳಿ ಮಾತ್ರ ಕೂಗಲಿಲ್ಲ. ಕೂಗಿಸಲು ಇನ್ನು ಲಕ್ಕಣ್ಣನ ಹತ್ತಿರ ಏನೂ ಇರಲಿಲ್ಲ.

ಎಲೆಯ ಎಡಗಡೆಯ ಅರ್ಧವನ್ನು ಹಾಗೇ ಬಿಟ್ಟು, ಇರುವೆ ಮುತ್ತದಂತೆ ಮೇಲೊಂದು ಬುಟ್ಟಿ ಕವುಚಿದ. ಕೈ ತೊಳೆದು ಬಂದು, ಬೀದಿಯ ಬಾಗಿಲನ್ನು ತೆರೆದೇ ಇಟ್ಟು ಕೂತ.