ಸುಂಕ ಹೋದ ವರ್ಷ

ಕಂಪ್ಲಿಯ ಬೆಲ್ಲದ ವ್ಯಾಪಾರಿ ಗವಿಸಿದ್ದಪ್ಪನಿಗೆ ಆ ವರ್ಷ ಊರಲ್ಲಿ ಎಲ್ಲಿಲ್ಲದ ಮರ್ಯಾದೆ. ಹೊಳೆಯ ಈಚೆ ಮದರಾಸು ಸರ್ಕಾರ, ಆಚೆ ಸಂಸ್ಥಾನ. ಈಚೆಯ ಬೆಲ್ಲ ದಾಟಿದರೂ ಸುಂಕ, ಆಚೆಯ ಹತ್ತಿ ಬಂದರೂ ಸುಂಕ. ಅದನ್ನು ತೆಗೆಸಲೆಂದು ಅವನು ಹೊಸಪೇಟೆ, ಬಳ್ಳಾರಿ ಅಲೆದು ದೊರೆಗಳೆದುರು ಕೈಕಟ್ಟಿ ನಿಂತಿದ್ದ. ಕಡೆಗೆ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ಸುಂಕದ ನಾಕಾ ಎದ್ದುಹೋಯಿತು. ಹರಿಗೋಲುಗಳಿಗೆ ಪುರುಸೊತ್ತೇ ಇಲ್ಲದಂತಾಯಿತು.

ಒಪ್ಪಂದದಲ್ಲಿ ಇನ್ನೊಂದು ಮಾತಿತ್ತು. ಸರಕಿನ ಹಾಗೆ ಪೊಲೀಸರೂ ತಡೆಯಿಲ್ಲದೆ ಹೊಳೆ ದಾಟಿ, ತಮ್ಮ ಕಡೆಯಿಂದ ತಪ್ಪಿಸಿಕೊಂಡವರನ್ನು ಹಿಡಿದೊಯ್ಯಬಹುದಿತ್ತು. ಬಳ್ಳಾರಿಯ ವಕೀಲರು ಅದನ್ನು ಬಿಡಿಸಿ ಹೇಳಿದಾಗ ಗವಿಸಿದ್ದಪ್ಪ ತಲೆಯಾಡಿಸಿದ್ದ. ಊರಿಗೆ ಬಂದು ಯಾರಿಗೂ ಹೇಳಲಿಲ್ಲ.

ಅವನ ಗಾಣದಲ್ಲಿ ಬೆಲ್ಲ ಕುದಿಸುತ್ತಿದ್ದ ಎರ್ರಿಯಪ್ಪ ಆಚೆ ದಂಡೆಯವನು. ಜಹಗೀರದಾರನ ಬಿಟ್ಟಿ ಚಾಕರಿ ತಾಳಲಾರದೆ ಹೆಂಡತಿ ಜಂಬವ್ವನೊಂದಿಗೆ ಓಡಿಬಂದಿದ್ದ.

ಒಂದು ಬೆಳಿಗ್ಗೆ ಆಚೆಯ ಪೊಲೀಸ್ ಅಮೀನ ಪೇದೆಗಳೊಂದಿಗೆ ಈಚೆ ದಂಡೆಗೆ ಇಳಿದ. ಗವಿಸಿದ್ದಪ್ಪನ ಬೆಲ್ಲ ಆಗಷ್ಟೇ ಹರಿಗೋಲಿಗೆ ಏರುತ್ತಿತ್ತು.

"ಸಾವ್ಕಾರ್ರ, ಎರ್ರಿಯಪ್ಪನ ಮನಿ ಎಲ್ಲೈತ್ರಿ?"

ಗೊತ್ತಿಲ್ಲ ಎನ್ನಬಹುದಿತ್ತು. ಸರಕು ತಡೆದುಬಿಟ್ಟಾರೆಂಬ ಅಳುಕಿನಲ್ಲಿ ಅವನ ಕೈ ಗಾಣದ ಹಿಂದಿನ ಗುಡಿಸಲ ಕಡೆ ಎದ್ದಿತು.

ಮಧ್ಯಾಹ್ನ ಜಂಬವ್ವ ಬಂದು ಅವನ ಕಾಲು ಹಿಡಿದಳು.

"ಯಪ್ಪಾ, ವಾರಂಟು ಅವನೊಬ್ಬನ ಹೆಸರಿಗೆ ಐತಂತ, ಅವನ್ನ ಹಿಡಕೊಂಡು ಹೋದ್ರು. ನೀವು ದೊಡ್ಡೋರು, ನಿಮ್ಮ ಮಾತು ಆಚಿ ಮಂದಿ ಕೇಳ್ತಾರ. ಬರ್ರಿ ನನ್ನ ಜೋಡಿ."

ಆಗದು ಎನ್ನಲು ಬಾಯಿ ಬರಲಿಲ್ಲ. ಇಬ್ಬರೂ ಹೊಳೆ ದಾಟಿದರು. ಠಾಣೆಯಲ್ಲಿ ಅಮೀನ ಎದ್ದು ಅವನಿಗೆ ಕುರ್ಚಿ ಕೊಟ್ಟ.

"ಒಳ್ಳೆ ಆಳ್ರಿ ಸಾಹೇಬ್ರ. ನಾ ಜಾಮೀನು ನಿಲ್ತೀನಿ, ಬಿಟ್ಟುಬಿಡ್ರಿ," ಎಂದ ಗವಿಸಿದ್ದಪ್ಪ.

ಅಮೀನ ನಕ್ಕ. "ಹಿಂಗಂದ್ರ ಹೆಂಗ್ರಿ? ಮುಂಜಾನಿ ಮನಿ ತೋರ್ಸಿದೋರು ನೀವಲ್ಲೇನು? ಅಂವನ್ನ ಆಗ್ಲೇ ಜಹಗೀರಿಗೆ ಕಳಿಸ್ದ್ವಿ."

ಗವಿಸಿದ್ದಪ್ಪ ಕುರ್ಚಿಯಿಂದ ಎದ್ದ. ಜಂಬವ್ವ ಒಮ್ಮೆ ಅವನ ಮುಖ ನೋಡಿ, ಹೊರಗೆ ಬಂದು ಜಹಗೀರಿನ ದಾರಿ ಹಿಡಿದಳು. ಅವನು ಹಿಂದೆಯೇ ಓಡಿದ.

"ಅಲ್ಲಿಗೆ ಹೋಗಬ್ಯಾಡವ್ವ! ನಿನ್ನೂ ಬಿಟ್ಟಿ ದುಡಿಸ್ತಾರ."

"ಗೊತ್ತೈತ್ರಿ," ಎಂದಳು, ತಿರುಗದೆ.

ಸಂಜೆ ಒಬ್ಬನೇ ಮರಳುವಾಗ ಹರಿಗೋಲು ಹಾಕುವ ಪಾಲಪ್ಪ, "ಬಿಡ್ಲಿಲ್ಲೇನ್ರಿ?" ಎಂದ. ಗವಿಸಿದ್ದಪ್ಪ ದಾಟಿಸಿದ ಕಾಸು ಅವನ ಕೈಗಿಟ್ಟು ದಂಡೆಗೆ ಇಳಿದ.

ಆ ವಾರ ಹೊಸಪೇಟೆಯ ವರ್ತಕರು ಸನ್ಮಾನಕ್ಕೆ ಕರೆದರೆ, ಮೈ ಹುಷಾರಿಲ್ಲವೆಂದು ಹೇಳಿಕಳಿಸಿದ. ಬೆಲ್ಲ ಮಾತ್ರ ದಿನವೂ ದಾಟುತ್ತಲೇ ಇತ್ತು. ನಿಲ್ಲಿಸಿ ಎನ್ನುವ ಧೈರ್ಯ ಅವನಿಗೆ ಬರಲಿಲ್ಲ.