ಲೀಟ್ರಿಮ್‌ನವಳು

ಇಸ್ತ್ರಿಪೆಟ್ಟಿಗೆ ಹೆಚ್ಚು ಕಾಯಬಾರದು. ರೇಷ್ಮೆಯ ಮೇಲೆ ತೆಳು ಹತ್ತಿಬಟ್ಟೆ ಹಾಸಿ, ಹಗುರಕ್ಕೆ ಎಳೆಯಬೇಕು. ಯಶ್ಮಿತಾ ಹಾಗೆಯೇ ಎಳೆಯುತ್ತಿದ್ದಳು. ಉತ್ತರ ಮ್ಯಾಂಚೆಸ್ಟರಿನ ಐರಿಶ್ ಸಂಘದ ಸಭಾಂಗಣದಲ್ಲಿ ಆ ಮಧ್ಯಾಹ್ನ ಇಸ್ತ್ರಿಪೆಟ್ಟಿಗೆಯ ಉಸಿರು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಐರ್ಲೆಂಡಿನ ಒಂದೊಂದು ಜಿಲ್ಲೆಗೂ ಒಂದೊಂದು ಬ್ಯಾನರ್. ಭಾನುವಾರ ಐರಿಶರ ಸೇಂಟ್ ಪ್ಯಾಟ್ರಿಕ್ ಹಬ್ಬದ ಮೆರವಣಿಗೆ. ಅಷ್ಟರೊಳಗೆ ಎಲ್ಲ ಬ್ಯಾನರುಗಳ ಸುಕ್ಕು ಹೋಗಬೇಕು.

ಅವಳು ಸಂಘದ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ವಯಸ್ಸಾದವರಿಗೆ ಊಟ ಬಡಿಸುವುದು, ಪಾತ್ರೆ ತೊಳೆಯುವುದು, ಹೇಳಿದ್ದನ್ನು ಮಾಡುವುದು. "ಥ್ಯಾಂಕ್ಸ್", "ಸಾರಿ" ಬಿಟ್ಟರೆ ಅವಳ ಬಾಯಿಂದ ಮೂರನೆಯ ಮಾತು ಕೇಳಿದವರಿರಲಿಲ್ಲ. ಇಂಡಿಯಾದ ಹುಡುಗಿ, ಪಾಪ, ಇಂಗ್ಲಿಷ್ ಬರುವುದಿಲ್ಲ ಎಂದು ಅಲ್ಲಿನವರು ತೀರ್ಮಾನಿಸಿದ್ದರು. ಅವಳೂ ಅದನ್ನು ತಿದ್ದಲು ಹೋಗಿರಲಿಲ್ಲ.

ಹಸಿರು, ಹೊಂಬಣ್ಣದ ಬ್ಯಾನರ್ ಒಂದು ಕೈಗೆ ಬಂದಿತು. ಲೀಟ್ರಿಮ್ ಎಂಬ ಹೆಸರಿನ ಮೇಲೆ ಅವಳ ಕೈ ತುಸು ಹೊತ್ತು ನಿಂತಿತು.

ಯಶ್ಮಿತಾ ಹುಟ್ಟಿದ್ದೇ ಲೀಟ್ರಿಮ್‌ನಲ್ಲಿ. ಉಡುಪಿಯಿಂದ ಹೋದ ಅಪ್ಪ ದೂಮಪ್ಪ ಅಲ್ಲಿನ ನದಿ ದಂಡೆಯ ಹೋಟೆಲಿನಲ್ಲಿ ಅಡುಗೆಯವನಾಗಿದ್ದ. ಅವಳು ನಡೆಯಲು ಕಲಿತದ್ದು, ಜಗಳವಾಡಲು ಕಲಿತದ್ದು, ಮಾತು ಕಲಿತದ್ದು ಎಲ್ಲ ಅಲ್ಲಿಯೇ. ಅವಳಿಗೆ ಹದಿಮೂರಾದಾಗ ಹೋಟೆಲು ಮುಚ್ಚಿತು. ಅಪ್ಪನಿಗೆ ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು, ಅಪ್ಪ, ಅಮ್ಮ, ಅವಳು ಮೂವರೂ ಅಲ್ಲಿನ ವಿದನ್‌ಶಾ ಬಡಾವಣೆಗೆ ಬಂದರು. ಇಲ್ಲಿನ ಶಾಲೆಯಲ್ಲಿ ಅವಳು ಬಾಯಿ ತೆರೆದರೆ ಸಾಕು, ಇಡೀ ತರಗತಿ ನಗುತ್ತಿತ್ತು. ಕಂದು ಮುಖ, ಐರಿಶ್ ಹಳ್ಳಿಯ ಮಾತು! "ಇನ್ನೊಂದ್ಸಲ ಹೇಳೇ" ಎಂದು ಫೋನ್ ಹಿಡಿದು ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಹದಿನಾರಕ್ಕೆ ಪರೀಕ್ಷೆಗೂ ಕೂರದೆ ಅವಳು ಶಾಲೆ ಬಿಟ್ಟಳು. ಶಾಲೆಯ ಜೊತೆಗೆ ಮಾತನ್ನೂ ಬಿಟ್ಟಳು ಎಂದರೂ ತಪ್ಪಿಲ್ಲ.

ಬಾಗಿಲು ತೆರೆದುಕೊಂಡು ಸಂಘದ ಕಾರ್ಯದರ್ಶಿ ಡೆಸ್ಮಂಡ್ ಬಂದ. ಹಿಂದೆಯೇ ಊರುಗೋಲು ಊರಿಕೊಂಡು ಮಲ್ವಿ ಅಜ್ಜ. ಲೀಟ್ರಿಮ್ ಬ್ಯಾನರನ್ನು ವರ್ಷವರ್ಷವೂ ಹೊರುತ್ತಿದ್ದವರು ಅವರೇ. ಚಳಿಗಾಲದಲ್ಲಿ ಅವರ ಸೊಂಟದ ಆಪರೇಷನ್ ಆಗಿತ್ತು.

"ಅದು ಬೇಡ," ಎಂದ ಡೆಸ್ಮಂಡ್ ಅವಳಿಗೆ, ಕಿವುಡರಿಗೆ ಹೇಳುವಂತೆ ಕೈಸನ್ನೆ ಮಾಡುತ್ತ. "ಲೀಟ್ರಿಮ್, ಈ ಸಲ, ಇಲ್ಲ. ಮಡಚಿ ಪೆಟ್ಟಿಗೆಗೆ ಹಾಕು."

"ಡೆಸ್, ಇನ್ನೊಂದು ಸಲ ಯೋಚನೆ ಮಾಡಪ್ಪ," ಎಂದರು ಮಲ್ವಿ. "ಎಲ್ಲ ಜಿಲ್ಲೆ ಬೀದೀಲಿ, ನಮ್ಮದೊಂದು ಮಾತ್ರ ಪೆಟ್ಟಿಗೇಲಿ?"

"ಆಯಾ ಜಿಲ್ಲೆಯವರೇ ಹೊರಬೇಕು, ಇಲ್ಲಾಂದ್ರೆ ಎತ್ತೋ ಹಾಗಿಲ್ಲ. ಈ ಪದ್ಧತಿ ಮಾಡಿದ್ದು ನಿಮ್ಮ ಕಾಲದವರೇ. ಲೀಟ್ರಿಮ್‌ನವರು ಇನ್ನೊಬ್ಬರಿದ್ರೆ ತೋರಿಸಿ."

"ನಮ್ಮ ಕಡೆ ಜನ ಎಲ್ಲಿದ್ದಾರೆ? ಇಬ್ಬರು ಎದುರು ಸಿಕ್ಕಿದ್ರೆ ಅದೇ ನಮಗೆ ಜನಜಂಗುಳಿ," ಎಂದು ಮಲ್ವಿ ನಕ್ಕರು. ನಗು ಅರ್ಧಕ್ಕೇ ನಿಂತಿತು.

ಯಶ್ಮಿತಾಳ ಬಾಯಿ ತೆರೆದುಕೊಂಡಿತು. ಮತ್ತೆ ಮುಚ್ಚಿಕೊಂಡಿತು. ಅವಳು ಬ್ಯಾನರನ್ನು ಮಡಚಿದಳು.

ಆ ಸಂಜೆ ಅಮ್ಮ ಸೇವಂತಿ ಆಸ್ಪತ್ರೆಯ ಕ್ಲೀನಿಂಗ್ ಕೆಲಸ ಮುಗಿಸಿ ಬಂದು ನೀರುದೋಸೆ ಹೊಯ್ಯುತ್ತಿದ್ದಳು. ಲೀಟ್ರಿಮ್ ಬ್ಯಾನರ್ ತಾನೇ ಹೊರುವ ಯೋಚನೆಯಿದೆ ಎಂದು ಮಗಳು ಹೇಳಿದ್ದನ್ನು ಕೇಳಿದವಳೇ ಸೌಟು ಹಿಡಿದುಕೊಂಡು ತಿರುಗಿದಳು.

"ಎಂತ? ನೀನು ಬಾವುಟ ಹೊರುದಾ?"

"ನಮ್ಮೂರಿನ ಬಾವುಟ ಅಮ್ಮ."

"ಯಾವ ನಮ್ಮೂರು? ನಮ್ಮೂರು ಉಡುಪಿ. ಅಲ್ಲಿ ನೀನು ಹುಟ್ಟಿದ್ದು ಅಷ್ಟೇ."

"ಹುಟ್ಟಿದ್ದು ಸಾಕಾಗುದಿಲ್ವಾ? ಉಡುಪಿಗೆ ನಾನು ಯಾವಾಗ ಹೋದ್ರೂ ಲಂಡನ್ ಹುಡುಗಿ ಬಂದ್ಲು ಅಂತಾರೆ. ಇಲ್ಲಿಯವರು ಇಂಡಿಯಾದವಳು ಅಂತಾರೆ. ನಾನು ಎಲ್ಲಿಯವಳು ಅಂತ ನನ್ನನ್ನು ಬಿಟ್ಟು ಎಲ್ಲರೂ ಹೇಳ್ತಾರೆ."

ಸೇವಂತಿಯ ದನಿ ಇಳಿಯಿತು. "ಹೋದ ಯುಗಾದಿಗೆ ಶೆಫೀಲ್ಡಿನಲ್ಲಿ ಭಾಗೀರಥಿ ಅಕ್ಕನ ಮನೆಯಲ್ಲಿ ಎಂತ ಆಯ್ತು, ಮರ್ತೆಯಾ? ಊರು ಯಾವುದು ಅಂತ ಕೇಳಿದ್ದಕ್ಕೆ ಐರ್ಲೆಂಡ್ ಅಂದಿ. ಅಷ್ಟು ಜನ ಹೊಟ್ಟೆ ಹಿಡ್ಕೊಂಡು ನೆಗಾಡಿದ್ರು. ನೀನು ತಲೆ ತಗ್ಗಿಸಿ ಕೂತದ್ದು ನಾನು ನೋಡಿದ್ದೇನೆ. ಇನ್ನು ಇಡೀ ಮ್ಯಾಂಚೆಸ್ಟರ್ ಎದುರು? ನಂಗೆ ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ತಿ."

ದೂಮಪ್ಪ ಮೆಲ್ಲಗೆ ನಡುವೆ ಬಾಯಿ ಹಾಕಿದ. "ಇವಳು ಹುಟ್ಟಿದಾಗ ಆ ನರ್ಸು ಎಂತ ಹೇಳಿದ್ದು ನೆನಪುಂಟಾ ಸೇವಂತಿ? ಲೀಟ್ರಿಮ್‌ಗೆ ಒಂದು ತಲೆ ಜಾಸ್ತಿ ಆಯ್ತು ಅಂತ."

"ನೀವೊಂದು ಸುಮ್ನಿರಿ. ನಾನಂತೂ ಬರುದಿಲ್ಲ."

ಹೋಗಬೇಡ ಎಂದು ಅಮ್ಮ ಹೇಳಲಿಲ್ಲ. ಯಶ್ಮಿತಾ ಅದನ್ನು ಗಮನಿಸಿದಳು.

ಶನಿವಾರ ಬ್ಯಾನರ್ ಹೊರುವವರೆಲ್ಲ ಸಭಾಂಗಣಕ್ಕೆ ಬಂದು ಕೋಲಿಗೆ ರೇಷ್ಮೆ ಕಟ್ಟಿಕೊಳ್ಳುತ್ತಿದ್ದರು. ಯಶ್ಮಿತಾ ಚಹಾದ ತಟ್ಟೆ ಹಿಡಿದುಕೊಂಡು ಡೆಸ್ಮಂಡ್ ಮತ್ತು ಮಲ್ವಿ ಕುಳಿತಿದ್ದ ಮೇಜಿನ ಬಳಿ ಬಂದಳು. ತಟ್ಟೆ ಕೆಳಗಿಟ್ಟಳು, ಹೋಗಲಿಲ್ಲ.

"ಲೀಟ್ರಿಮ್ ನಾನು ಹೊರ್ತೀನಿ. ನಾನು ಅಲ್ಲಿಯವಳು."

ಹೇಳಿದ್ದು ಇಂಗ್ಲಿಷಿನಲ್ಲಿ. ಹಾಡಿನಂತೆ ಏರಿ ಕೊನೆಗೆ ಮೆತ್ತಗೆ ಇಳಿಯುವ, ಅದೇ ನದಿ ದಂಡೆಯ ಇಂಗ್ಲಿಷು. ಮಲ್ವಿ ಅಜ್ಜನ ಕಪ್ಪು ತುಟಿಯ ಹತ್ತಿರವೇ ನಿಂತಿತು. ಡೆಸ್ಮಂಡ್ ಮಾತ್ರ ಹುಬ್ಬು ಗಂಟಿಕ್ಕಿದ.

"ಚೆನ್ನಾಗಿ ಅಣಕಿಸ್ತೀಯ. ಆದ್ರೆ ನಮ್ಮ ಮನೇಲೇ ನಿಂತು ನಮ್ಮ ಮಾತನ್ನ ಅಣಕಿಸಬಾರದು."

"ಅಣಕ ಅಲ್ಲ. ನಂಗೆ ಬರೋ ಇಂಗ್ಲಿಷ್ ಇದೇ. ನಮ್ಮಪ್ಪ ಅಲ್ಲಿ ಅಡುಗೆ ಮಾಡ್ತಿದ್ರು. ನಾನು ಹುಟ್ಟಿ ಬೆಳೆದದ್ದು ಅಲ್ಲೇ."

ಹತ್ತಿರದಲ್ಲಿದ್ದವರು ಗಂಟು ಹಾಕುವುದನ್ನು ನಿಲ್ಲಿಸಿ ಇತ್ತ ನೋಡಿದರು. ಡೆಸ್ಮಂಡ್ ಇರಿಸುಮುರಿಸಿನಿಂದ ಕತ್ತು ತುರಿಸಿಕೊಂಡ. ಅವನು ಕೆಟ್ಟವನಲ್ಲ.

"ನೋಡಮ್ಮ, ತಪ್ಪು ತಿಳ್ಕೋಬೇಡ. ಹಬ್ಬದ ದಿನ ಈ ಊರಲ್ಲಿ ಹಸಿರು ಟೋಪಿ ಹಾಕ್ಕೊಂಡವರೆಲ್ಲ ಐರಿಶ್. ಸಂಜೆ ಟೋಪಿ ಬಿಸಾಕಿ ಹೋಗ್ತಾರೆ. ನಮಗೆ ಇದು ವೇಷ ಅಲ್ಲ. ಐರಿಶ್ ಉಗ್ರರ ಬಾಂಬು ಇಲ್ಲಿನ ಊರುಗಳಲ್ಲಿ ಸಿಡೀತಿದ್ದ ಆ ವರ್ಷಗಳಲ್ಲಿ ನಮ್ಮಪ್ಪ ಬಸ್ಸಲ್ಲಿ ಬಾಯಿ ತೆರೀತಿರ್ಲಿಲ್ಲ. ಟಿಕೆಟ್ ಕೇಳೋಕೂ ನನ್ನನ್ನ ಮುಂದೆ ತಳ್ಳೋರು, ತಮ್ಮ ಐರಿಶ್ ಮಾತು ಕೇಳಿದ್ರೆ ಜನ ಎಲ್ಲಿ ಹೊಡೀತಾರೋ ಅಂತ. ಅಷ್ಟು ಬಾಯಿ ಮುಚ್ಕೊಂಡವರು ಮೊದಲ ಸಲ ಎದೆ ಎತ್ತಿ ನಡೆದದ್ದು ಈ ಮೆರವಣಿಗೇಲಿ. ಅದನ್ನ ನಾನು ಹೇಗೆ ಯಾರೋ ಕೇಳಿದ್ರು ಅಂತ ಕೊಡ್ಲಿ?"

ಯಶ್ಮಿತಾಳ ಕಿವಿ ಬಿಸಿಯಾದವು. ಕೈಗಳನ್ನು ಏಪ್ರನ್ನಿನ ಜೇಬಿಗೆ ಸೇರಿಸಿಕೊಂಡಳು.

"ನಾನೂ ಬಸ್ಸಲ್ಲಿ ಬಾಯಿ ತೆರಿಯಲ್ಲ," ಎಂದಳು. "ಶಾಲೇಲಿ ನನ್ನ ಮಾತು ಕೇಳಿ ನಗ್ತಿದ್ರು. ಅದಕ್ಕೇ ಶಾಲೆ ಬಿಟ್ಟೆ. ನಿಮ್ಮಪ್ಪಂಗೆ ಯಾವ ಮಾತಿಗೆ ಹೆದರಿಕೆ ಆಗ್ತಿತ್ತೋ, ನಂಗೂ ಅದೇ ಮಾತಿಗೇ ಸರ್. ಎರಡು ವರ್ಷದಿಂದ ನಿಮ್ಮ ಎದುರು ಮೂಗಿ ಹಾಗೆ ಇದ್ದೇನೆ. ಇನ್ನು ಆಗಲ್ಲ."

ಮಲ್ವಿ ಅಜ್ಜ ಕಪ್ಪು ಕೆಳಗಿಟ್ಟರು.

"ಡೆಸ್, ಒಂದು ಮಾತು ಕೇಳ್ತೀನಿ. ನೀನು ಹುಟ್ಟಿದ್ದು ಎಲ್ಲಿ?"

"ಅದು ಬೇರೆ ವಿಷಯ."

"ಎಲ್ಲಿ ಅಂತ ಹೇಳಯ್ಯ."

"ಸ್ಟಾಕ್‌ಪೋರ್ಟ್," ಎಂದ ಡೆಸ್ಮಂಡ್, ಬಾಯೊಳಗೇ. ಅದು ಮ್ಯಾಂಚೆಸ್ಟರಿನ ಪಕ್ಕದ ಊರು.

"ಕೇಳಿದ್ರಾ? ಸ್ಟಾಕ್‌ಪೋರ್ಟಿನವನಿಗೆ ಮೇಯೊ ಜಿಲ್ಲೆಯ ಬ್ಯಾನರ್ ಕೊಟ್ವಿ. ಒಬ್ಬರೂ ತುಟಿ ಎರಡು ಮಾಡ್ಲಿಲ್ಲ. ನಿಮ್ಮಪ್ಪ ಮೇಯೊದವರು, ಅವರ ಮೇಲಿನ ನಿನ್ನ ಪ್ರೀತಿ ನೋಡಿ ಕೊಟ್ವಿ, ಸರಿಯಾಗೇ ಕೊಟ್ವಿ. ಈ ಹುಡುಗಿಯಂತೂ ಹುಟ್ಟಿರೋದೇ ಅಲ್ಲಿ, ಮಾತಾಡಿದ್ರೆ ನಮ್ಮ ಅಕ್ಕ ಮಾತಾಡಿದ ಹಾಗಿದೆ. ಇವಳಿಗೆ ಇಲ್ಲ ಅಂದ್ರೆ ನೀನೂ ನಾಳೆ ಸ್ಟಾಕ್‌ಪೋರ್ಟ್ ಬ್ಯಾನರ್ ಹೊಲಿಸ್ಕೊಂಡು ಬಾ!"

ಸಭಾಂಗಣ ಗೊಳ್ಳೆಂದಿತು. ಡೆಸ್ಮಂಡ್ ಕಿವಿಯ ತನಕ ಕೆಂಪಾದ. ಎದ್ದು ಒಳಗೆ ಹೋದ. ಕೋಪ ಬಂತೇನೋ ಎಂದುಕೊಂಡಳು ಯಶ್ಮಿತಾ. ಅವನು ತಿರುಗಿ ಬಂದಾಗ ಕೈಯಲ್ಲಿ ಕೋಲಿನ ಬುಡ ಊರಿಕೊಳ್ಳುವ ತೊಗಲು ಪಟ್ಟಿಯಿತ್ತು. ಅದನ್ನು ಅವಳ ಹೆಗಲಿಂದ ಇಳಿಬಿಟ್ಟು, ಅವಳ ಅಳತೆಗೆ ಬಕಲ್ ಬಿಗಿದ.

"ಗಾಳಿ ಬೀಸಿದಾಗ ಹಿಂದಕ್ಕೆ ವಾಲಬೇಡ," ಎಂದ. ಈ ಸಲ ಕೈಸನ್ನೆ ಇರಲಿಲ್ಲ. "ಗಾಳಿಗೆ ಎದೆ ಕೊಟ್ಟು ನಡಿ. ಮತ್ತೆ, ಮೊನ್ನೆ ನಿನ್ನ ಹತ್ರ ಹಾಗೆ ಮಾತಾಡಿದ್ದಕ್ಕೆ ಕ್ಷಮಿಸು."

ಭಾನುವಾರ ಮ್ಯಾಂಚೆಸ್ಟರಿನಲ್ಲಿ ಬಿಸಿಲಿತ್ತು, ಬಿಸಿಲಿಗಿಂತ ಹೆಚ್ಚು ಗಾಳಿಯಿತ್ತು. ಮುಂದೆ ವಾದ್ಯದವರು, ಹಿಂದೆ ಸಾಲುಸಾಲು ಜಿಲ್ಲೆಗಳು. ಲೀಟ್ರಿಮ್ ಎದ್ದಾಗ ರೇಷ್ಮೆ ಪಟಪಟನೆ ಬಡಿದುಕೊಂಡಿತು, ಕೋಲು ಯಶ್ಮಿತಾಳ ಹೊಟ್ಟೆಗೆ ಗುದ್ದಿತು. ಅವಳು ಹಲ್ಲು ಕಚ್ಚಿ ಹೆಜ್ಜೆ ಇಟ್ಟಳು. ಪಕ್ಕದಲ್ಲೇ ಸಂಘದ ಹುಡುಗನೊಬ್ಬ ತಳ್ಳುತ್ತಿದ್ದ ಗಾಲಿಕುರ್ಚಿಯಲ್ಲಿ ಮಲ್ವಿ ಅಜ್ಜ ರಾಜನ ಹಾಗೆ ಕುಳಿತಿದ್ದರು.

ಬೀದಿಯ ಎರಡೂ ಬದಿ ಜನ. ಅವಳ ಮುಖ ನೋಡಿ ಕೆಲವರು ಬ್ಯಾನರ್ ನೋಡಿದರು, ಬ್ಯಾನರ್ ನೋಡಿ ಮತ್ತೆ ಮುಖ ನೋಡಿದರು. ಹಸಿರು ಟೋಪಿಯ ಒಬ್ಬ ಬಿಯರ್ ಲೋಟ ಎತ್ತಿ ಕೂಗಿದ. "ಏನಮ್ಮಾ, ದಾರಿ ತಪ್ಪಿ ಬಂದ್ಯಾ? ನಿಜವಾಗಿ ಯಾವ ಊರು ನಿಂದು?"

ಸುತ್ತಲಿನವರು ನಕ್ಕರು. ಶಾಲೆಯಲ್ಲಿ ಕೇಳಿದ್ದ ಅದೇ ನಗು. ಯಶ್ಮಿತಾ ಅವನತ್ತ ತಿರುಗಿದಳು. ಹೊಟ್ಟೆಯಾಳದಿಂದ ಉಸಿರೆಳೆದುಕೊಂಡಳು.

"ಲೀಟ್ರಿಮ್!" ಎಂದು ಕೂಗಿದಳು. "ಲೀಟ್ರಿಮ್ ಕಣಯ್ಯಾ! ನಿಂದು ಯಾವುದು?"

ಆ ದನಿ ಕೇಳಿದ್ದೇ ತಡ, ಎದುರು ಬದಿಯ ಬಸ್‌ಸ್ಟಾಪಿನಿಂದ ಒಬ್ಬ ಮುದುಕಿ ಎರಡೂ ಕೈ ಎತ್ತಿ "ಲೀಟ್ರಿಮ್‌ಗೆ ಜಯವಾಗಲಿ!" ಎಂದು ಚೀರಿದಳು. ಮೇಯೊ ಬ್ಯಾನರಿನ ಕೆಳಗಿಂದ ಡೆಸ್ಮಂಡ್ ಅದನ್ನೇ ಕೂಗಿದ. ಹಿಂದಿನ ಸಾಲುಗಳು ಕೂಗಿದವು. ಆಮೇಲೆ ಇಡೀ ಬೀದಿಯೇ ಕೂಗಿತು. ಲೋಟ ಹಿಡಿದವನೂ ಟೋಪಿ ತೆಗೆದು ಬೀಸಿದ. ಯಶ್ಮಿತಾ ಗಾಳಿಗೆ ಎದೆ ಕೊಟ್ಟು ನಡೆದಳು. ಅವಳ ದನಿ ಒಡೆದುಹೋಗಿತ್ತು, ಆದರೂ ಅವಳು ಕೂಗುತ್ತಲೇ ಇದ್ದಳು.

ಆ ಗದ್ದಲದ ನಡುವೆ ಒಂದು ದನಿ ಅವಳ ಕಿವಿಗೆ ಬಿತ್ತು. ಪುರಭವನದ ತಿರುವಿನಲ್ಲಿ, ದಪ್ಪ ಕೋಟಿನ ಕೆಳಗೆ ಆಸ್ಪತ್ರೆಯ ಸಮವಸ್ತ್ರದಲ್ಲೇ, ಜನರ ಬೆನ್ನುಗಳ ಹಿಂದೆ ತುದಿಗಾಲಲ್ಲಿ ನಿಂತಿದ್ದಳು ಸೇವಂತಿ. ಮುಂದಿದ್ದವರ ಭುಜ ತಟ್ಟಿ ತಟ್ಟಿ, ಇಂಗ್ಲಿಷ್ ಮರೆತು, ತನ್ನ ಮಾತಿನಲ್ಲೇ ಕೇಳುತ್ತಿದ್ದಳು. ಎಲ್ಲರ ಕಣ್ಣೂ ಬ್ಯಾನರಿನ ಮೇಲಿತ್ತು. ಒಬ್ಬರೂ ತಿರುಗಲಿಲ್ಲ.

"ಸ್ವಲ್ಪ ಜಾಗ ಬಿಡಿ ಮಾರಾಯ್ರೆ. ಅದು ನನ್ನ ಮಗಳು."