ಶಾಮಣ್ಣ ಎನ್ನುವವರು ಈ ಮನೆಯಲ್ಲಿಲ್ಲ

"ಹೆಸರು ಇನ್ನೊಮ್ಮೆ ಹೇಳಿ," ಎಂದಳು ಲವೀನಾ.

ಫೋನಿನ ಆ ಕಡೆ ಇದ್ದವಳು ಶಾಲೆಯ ಮತಗಟ್ಟೆಯ ಅಧಿಕಾರಿಣಿ. ಆ ಹೆಸರಿಗೆ ಅವಳ ನಾಲಿಗೆ ಹೊರಳುತ್ತಿರಲಿಲ್ಲ. ಪಾಸ್‌ಪೋರ್ಟ್ ನೋಡಿಕೊಂಡು ಒಂದೊಂದೇ ಅಕ್ಷರ ಓದಿದಳು. ವಿ, ಇ, ಎನ್, ಕೆ. ಅಷ್ಟಕ್ಕೇ ಲವೀನಾಳ ಬೆರಳುಗಳು ಕೀಬೋರ್ಡಿನ ಮೇಲೆ ನಿಂತುಬಿಟ್ಟವು. ಉಳಿದದ್ದನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನನ್ನ ಪಟ್ಟಿಯಲ್ಲಿ ಇವರಿಲ್ಲ. ಎರಡು ಸಲ ನೋಡಿದೆ. ಪಾಪ, ತುಂಬ ಮರ್ಯಾದಸ್ಥರು. ಮಕ್ಕಳ ಕುರ್ಚಿಯಲ್ಲಿ ಕೂರಿಸಿದ್ದೇನೆ. ಏನು ಹೇಳಲಿ?"

"ಕೂತಿರಲಿ. ನೋಡಿ ಹೇಳುತ್ತೇನೆ."

ಕೌಂಟಿ ಕೌನ್ಸಿಲಿನ ಎರಡನೇ ಮಹಡಿಯ ಮತದಾರರ ಪಟ್ಟಿಯ ವಿಭಾಗ ಎಂದರೆ ಎರಡು ಮೇಜು, ಎರಡು ಫೋನು. ಒಂದರಲ್ಲಿ ಲವೀನಾ, ಇನ್ನೊಂದರಲ್ಲಿ ಅವಳ ಮೇಲಧಿಕಾರಿ ನೋರೀನ್. ಹೊಸ ಕಾನೂನು ರಾಜಧಾನಿ ಡಬ್ಲಿನ್ನಿನಿಂದ ಬಂದು ಎರಡು ವರ್ಷವಾಗಿತ್ತು. ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಹೆಸರಿನ ಮುಂದೆ ಹುಟ್ಟಿದ ದಿನ, ನಮ್ಮ ಆಧಾರಿನಂಥ ಪಿಪಿಎಸ್ ನಂಬರು, ಮನೆಗೊಂದರಂತಿರುವ ಅಂಚೆಯ ಏರ್‌ಕೋಡ್ ಇರಬೇಕು. ಸತ್ತವರು, ಊರು ಬಿಟ್ಟವರು, ಎರಡೆರಡು ಕಡೆ ಇರುವವರು ಹೋಗಬೇಕು. ಅದನ್ನು ಹೇಗೆ ಮಾಡಬೇಕೆನ್ನುವುದನ್ನು ಮಾತ್ರ ಆಯಾ ಕೌಂಟಿಗೇ ಬಿಟ್ಟಿದ್ದರು. ಪಕ್ಕದ ಕೌಂಟಿಯವರು ಎಂಟು ಜನರನ್ನು ಹಿಡಿದು ಮನೆಮನೆಗೆ ಕಳಿಸಿದರು. ಇಲ್ಲಿಗೂ ಜನ ಬೇಕೆಂದು ನೋರೀನ್ ಮೂರು ಸಲ ಬರೆದಳು. ಬಂದದ್ದು ಹೊಸ ಕಂಪ್ಯೂಟರ್ ವ್ಯವಸ್ಥೆಯೊಂದೇ. ಅದು ತಾನೇ ನಂಬರುಗಳನ್ನು ತಾಳೆ ನೋಡಿ, ತಾಳೆಯಾಗದವರಿಗೆ ತಾನೇ ಕಾಗದ ಬರೆಯುತ್ತಿತ್ತು. ಕಾಗದ ವಾಪಸು ಬಂದರೆ ಆ ಹೆಸರನ್ನು ತೆಗೆಯುವುದು ಲವೀನಾಳ ಕೆಲಸ.

ಅವಳು ಹುಡುಕಿದಳು. ಇತ್ತು. ಬೂದು ಬಣ್ಣದಲ್ಲಿ, ಅಡ್ಡಗೆರೆ ಎಳೆಸಿಕೊಂಡು. ತೆಗೆದ ದಿನ ಏಪ್ರಿಲ್ ಒಂಬತ್ತು. ತೆಗೆದವರು ಎಂಬಲ್ಲಿ ಅವಳದೇ ಹೆಸರಿನ ಮೊದಲಕ್ಷರಗಳು.

ಆ ದಿನ ನೆನಪಿತ್ತು. ವಾಪಸು ಬಂದ ನಾನೂರ ಹನ್ನೆರಡು ಲಕೋಟೆಗಳು ಎರಡು ರಟ್ಟಿನ ಪೆಟ್ಟಿಗೆಯಲ್ಲಿದ್ದವು. ಸ್ಕ್ಯಾನ್ ಮಾಡುವುದರಲ್ಲೇ ಮೂರು ದಿನ ಹೋಗಿತ್ತು. ಕೊನೆಗೆ ಪರದೆಯ ಮೇಲೆ ಇಡೀ ಕಟ್ಟನ್ನು ಒಟ್ಟಿಗೆ ಗುರುತು ಹಾಕಿ ಒಂದು ಗುಂಡಿ ಒತ್ತಿದ್ದಳು. ಅದಾದ ಮೇಲೆ ಚಹಾ ಕುಡಿಯಲು ಹೋಗಿದ್ದಳು.

ಲಕೋಟೆಯ ಚಿತ್ರ ತೆರೆದಳು. ವಿಳಾಸ ಸರಿಯಾಗೇ ಇತ್ತು, ಅವಳ ಮನೆಯಿಂದ ನಾಲ್ಕು ಸಾಲು ಆಚೆಗಿನ ಮನೆ. ಹೆಸರು ಮಾತ್ರ 'ಮಿಸ್ಟರ್ ವಿ. ಶಾಮಣ್ಣ' ಎಂದಿತ್ತು. ಕಳೆದ ಅಕ್ಟೋಬರಿನಲ್ಲಿ ಲೈಬ್ರರಿಯಲ್ಲಿ ಅವರ ಅರ್ಜಿ ತುಂಬಿಸಿಕೊಟ್ಟವಳು ಲವೀನಾಳೇ. ಅವರು ಸಹಿ ಹಾಕುವ ಹಾಗೇ ಟಿ.ಎಸ್. ವೆಂಕಟೇಶಮೂರ್ತಿ ಎಂದು ಬರೆದಿದ್ದಳು. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಬೇಕೇ ಬೇಕೆಂದು ಯಾವ ಕಾಲದಲ್ಲೋ ಯಾರೋ ಅವರ ತಂದೆಯ ಹೆಸರನ್ನು ಅಲ್ಲಿ ತುಂಬಿಸಿದ್ದರು. ಪಿಪಿಎಸ್ ದಾಖಲೆಗೆ ಹೋದದ್ದೂ ಅದೇ ಹೆಸರು. ಯಂತ್ರ ಎರಡನ್ನೂ ತಾಳೆ ನೋಡಿ, ಸರಿಹೋಗದೆ, ಶಾಮಣ್ಣನವರಿಗೆ ಕಾಗದ ಬರೆದಿತ್ತು.

ಲಕೋಟೆಯ ಮೇಲೆ ನೇರಳೆ ಶಾಯಿಯಲ್ಲಿ ಗುಂಡಗಿನ ಇಂಗ್ಲಿಷ್ ಅಕ್ಷರಗಳಿದ್ದವು. ಶಾಮಣ್ಣ ಎನ್ನುವವರು ಈ ಮನೆಯಲ್ಲಿಲ್ಲ, ಕ್ಷಮಿಸಿ. ಪಕ್ಕದಲ್ಲಿ ಒಂದು ನಗುವ ಮುಖ. ಆ ಮನೆಯಲ್ಲಿ ಮಗು ಎಂದರೆ ವೆಂಕಟೇಶಮೂರ್ತಿಯವರ ಮೊಮ್ಮಗಳು ಇಂಚರಾ ಒಬ್ಬಳೇ, ಈ ವರ್ಷ ಆರನೇ ತರಗತಿ. ಹಿಂದಿದ್ದ ಬಾಡಿಗೆದಾರರ ಕಾಗದಗಳನ್ನೆಲ್ಲ ಹೀಗೆ ಬರೆದು ಅಂಚೆಪೆಟ್ಟಿಗೆಗೆ ಹಾಕುವುದನ್ನು ಅವಳಿಗೆ ಕಲಿಸಿದ್ದು ಅವಳ ಅಮ್ಮ ಗೀತಾ. ಮಗಳಿಗೆ ಜವಾಬ್ದಾರಿ ಬಂತು ಎಂದು ಗೀತಾ ಒಮ್ಮೆ ಹೇಳಿಕೊಂಡೂ ಇದ್ದಳು.

ಲವೀನಾ ಪ್ರಿಂಟ್ ತೆಗೆದುಕೊಂಡು ನೋರೀನ್‌ಳ ಮೇಜಿಗೆ ಹೋದಳು. ನೋರೀನ್ ಕನ್ನಡಕ ಹಣೆಗೇರಿಸಿ ಓದಿದಳು. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡಿದವಳು. ಕೆಟ್ಟವಳಲ್ಲ. ತಕ್ಷಣ ಡಬ್ಲಿನ್ನಿಗೆ ಫೋನು ಹಚ್ಚಿದಳು. ಪಟ್ಟಿ ಕೌನ್ಸಿಲಿಗೆ ಸೇರಿದ್ದು, ನಾವು ಕೈಹಾಕುವಂತಿಲ್ಲ ಎಂದರು. ಕೆಳಗಿನ ಮಹಡಿಯ ಕಾನೂನು ವಿಭಾಗಕ್ಕೆ ಹಚ್ಚಿದಳು. ಚುನಾವಣೆಗೆ ಪಟ್ಟಿ ಮುಚ್ಚಿ ಎರಡು ವಾರದ ಮೇಲಾಯಿತು, ಕಾನೂನು ಮಾಡಿದವರು ಡಬ್ಲಿನ್ನಿನವರು, ಅವರನ್ನೇ ಕೇಳಿ ಎಂದರು. ಮತ್ತೆ ಡಬ್ಲಿನ್ನಿಗೆ ಹಚ್ಚಿದರೆ ಈ ಸಲ ಬೇರೆ ಯಾರೋ ಎತ್ತಿಕೊಂಡು ಮೊದಲಿನಿಂದ ವಿವರ ಕೇಳಿದರು.

ಮುಕ್ಕಾಲು ಗಂಟೆ ಹೀಗೇ ಹೋಯಿತು. ನೋರೀನ್ ಫೋನಿಟ್ಟಳು.

"ಆಗೋದಿಲ್ಲ, ಲವೀನಾ. ಸೋಮವಾರ ಹೊಸದಾಗಿ ಅರ್ಜಿ ಹಾಕಿಸು. ಮುಂದಿನ ಸಲಕ್ಕೆ ಇರುತ್ತಾರೆ."

"ಮುಂದಿನ ಸಲ ಅಂದರೆ ಐದು ವರ್ಷ. ಅವರಿಗೆ ಎಪ್ಪತ್ತೆರಡು."

"ಗೊತ್ತು."

"ಒಂದು ಹೆಸರು. ತಪ್ಪು ನಮ್ಮದು ಅಂತ ಇಲ್ಲೇ ಕಾಣುತ್ತಿದೆಯಲ್ಲ."

"ಇವರದು ಕಾಣುತ್ತಿದೆ. ಉಳಿದ ನಾನೂರ ಹನ್ನೊಂದರಲ್ಲಿ ಇನ್ನೆಷ್ಟು ಇಂಥವು?" ಎಂದಳು ನೋರೀನ್. ಕೇಳಿದ ಮೇಲೆ, ಕೇಳಬಾರದಿತ್ತು ಎನ್ನುವ ಹಾಗೆ ಕಿಟಕಿಯ ಕಡೆ ನೋಡಿದಳು. "ಹೋಗಿ ಮಾತಾಡಿಸಿಕೊಂಡು ಬಾ. ಫೋನು ನಾನು ನೋಡಿಕೊಳ್ಳುತ್ತೇನೆ."

ಶಾಲೆಗೆ ಕಾರಿನಲ್ಲಿ ಹತ್ತು ನಿಮಿಷ. ದಾರಿಯುದ್ದಕ್ಕೂ ಕಂಬಕಂಬಕ್ಕೂ ಅಭ್ಯರ್ಥಿಗಳ ಮುಖಗಳು. ಲವೀನಾ ಕರಾವಳಿಯ ಶಿರ್ವದವಳು, ಮನೆಮಾತು ಕೊಂಕಣಿ. ಗಂಡ ಲಾಯ್ಡ್ ಆಸ್ಪತ್ರೆಯಲ್ಲಿ ನರ್ಸ್. ಈ ಊರಿಗೆ ಬಂದ ಮೊದಲ ವರ್ಷ ಬಸ್‌ಸ್ಟಾಪಿನಲ್ಲಿ ಅವಳು ಫೋನಿನಲ್ಲಿ ತಂಗಿಯೊಂದಿಗೆ ಮಾತಾಡುವಾಗ ನಡುವೆ ಬಂದ ಎರಡು ಕನ್ನಡ ಮಾತು ಕೇಳಿ, ಮುಗಿಯುವವರೆಗೂ ಬಸ್ಸು ಬಿಟ್ಟು ನಿಂತಿದ್ದವರು ವೆಂಕಟೇಶಮೂರ್ತಿ. ತಿಪಟೂರು ತಾಲ್ಲೂಕಿನಲ್ಲಿ ಮೇಷ್ಟ್ರಾಗಿದ್ದವರು. ನಿವೃತ್ತಿಯಾದ ವರ್ಷವೇ ಹೆಂಡತಿ ತೀರಿಕೊಂಡು, ಮಗಳು ಗೀತಾ ಇಲ್ಲಿಗೆ ಕರೆಸಿಕೊಂಡಿದ್ದಳು. ಇಲ್ಲಿ ವಾಸವಾಗಿರುವ ಯಾರು ಬೇಕಾದರೂ, ಯಾವ ದೇಶದವರಾದರೂ, ಕೌನ್ಸಿಲ್ ಚುನಾವಣೆಗೆ ಓಟು ಹಾಕಬಹುದು ಎಂದು ಲವೀನಾ ಹೇಳಿದಾಗ ಅವರು ನಂಬಿರಲಿಲ್ಲ. "ನಂಗಾ? ಬರೆದು ತೋರ್ಸಮ್ಮ," ಎಂದಿದ್ದರು.

ಅವರು ಮತಗಟ್ಟೆಯೊಳಗೆ ಇರಲಿಲ್ಲ. ಶಾಲೆಯ ಅಂಗಳದ ಗೋಡೆಯ ಮೇಲೆ, ಬಿಸಿಲಿಗೆ ಮುಖ ಮಾಡಿ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೋಟು. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಪಾಸ್‌ಪೋರ್ಟ್, ಮಡಚಿದ ಕರಪತ್ರಗಳು. ಹದಿಮೂರು ಅಭ್ಯರ್ಥಿಗಳನ್ನೂ ಓದಿ, ಇಲ್ಲಿಯ ಓಟಿನ ಪದ್ಧತಿಯಂತೆ ಇಷ್ಟದ ಕ್ರಮದಲ್ಲಿ ಒಂದರಿಂದ ಹದಿಮೂರರವರೆಗೂ ನಂಬರು ಹಾಕಿಟ್ಟಿದ್ದಾರೆಂದು ಗೀತಾ ನಗುತ್ತ ಹೇಳಿದ್ದಳು.

"ಓಹೋ, ಲವೀನಮ್ಮ. ಕೆಲ್ಸ ಬಿಟ್ಟು ಬಂದ್ಯಾ?"

"ಬಂದೆ ಮಾಷ್ಟ್ರೇ." ಅವಳು ಪಕ್ಕದಲ್ಲಿ ಕೂತಳು. "ಆಗುದಿಲ್ಲ ಅಂತೆ. ಎಲ್ಲ ಕಡೆ ಕೇಳಿದೆವು."

"ಆಗಾಕಿಲ್ಲ ಅಂತ ನಂಗೆ ಗೊತ್ತೈತೆ. ಲಿಸ್ಟ್ ಕ್ಲೋಸ್ ಆದ್ಮೇಲೆ ಮುಗೀತು. ನಾನೂ ಹನ್ನೊಂದು ಎಲೆಕ್ಷನ್ ಮಾಡಿದೀನಿ." ಅವರು ಕರಪತ್ರಗಳ ಅಂಚನ್ನು ಸರಿಮಾಡಿದರು. "ಒಂದ್ರಲ್ಲೂ ಓಟ್ ಹಾಕಿಲ್ಲ ಕಣಮ್ಮ. ಡ್ಯೂಟಿ ಬೀಳೋದು ಇನ್ಯಾವುದೋ ಊರಿಗೆ. ಅಂಚೆ ಓಟಿಗೆ ಅಂತ ಫಾರಂ ತುಂಬ್ತಿದ್ದೆ. ಒಂದ್ಸಲ ಬಂತು, ಎಣಿಕೆ ಮುಗಿದು ಎಂಟು ದಿನಕ್ಕೆ."

ಲವೀನಾ ಅದನ್ನು ಮೊದಲ ಸಲ ಕೇಳುತ್ತಿದ್ದಳು. ಅಕ್ಟೋಬರಿನಲ್ಲಿ ಲೈಬ್ರರಿಯಲ್ಲಿ ಸಹಿ ಹಾಕುವ ಮೊದಲು ಅವರು ಅರ್ಜಿಯನ್ನು ಮೂರು ಸಲ ಓದಿದ್ದು ಮೇಷ್ಟ್ರ ಅಭ್ಯಾಸ ಎಂದುಕೊಂಡಿದ್ದಳು.

"ಅಳಿಸಿದ್ದು ನಾನೇ ಮಾಷ್ಟ್ರೇ," ಎಂದಳು. "ಕಂಪ್ಯೂಟರಿನಲ್ಲಿ ನನ್ನ ಹೆಸರೇ ಉಂಟು. ಒಟ್ಟಿಗೆ ಮಾಡಿದ್ದು. ಒಂದೊಂದೇ ಹೆಸರು ನೋಡ್ಲಿಲ್ಲ."

ಅವರು ಅಂಗಳದಲ್ಲಿ ಬಣ್ಣದಿಂದ ಬರೆದ ಕುಂಟೆಬಿಲ್ಲೆಯ ಚೌಕಗಳನ್ನು ನೋಡುತ್ತಿದ್ದರು.

"ಕಾರಣ ಏನಂತ ಬರ್ದಿತ್ತು?"

"ಕಾಗದ ವಾಪಸು ಬಂತು ಅಂತ."

"ನಾನು ಮನೇಲೇ ಇದ್ನಲ್ಲ. ಎಲ್ಲಿಗೆ ಹೋಗ್ತೀನಿ ನಾನು?"

"ಕಾಗದ ಬಂದದ್ದು ಶಾಮಣ್ಣ ಅಂತ."

ಅವರು ಅವಳ ಕಡೆ ತಿರುಗಿದರು. ಬಾಯಿ ಸ್ವಲ್ಪ ತೆರೆದಿತ್ತು. ಆಮೇಲೆ ನಿಧಾನವಾಗಿ ತಲೆಯಾಡಿಸಿದರು. "ನಮ್ಮಪ್ಪ. ಅವ್ರು ಹೋಗಿ ನಲವತ್ತೊಂದು ವರ್ಷ ಆಯ್ತು. ವಾಪಸ್ ಕಳ್ಸಿದ್ದು ಸರಿಯಾಗೇ ಐತೆ." ಚೀಲದ ಬಾಯಿ ಮಡಚುತ್ತ ಕೇಳಿದರು, "ಯಾರು ಕಳ್ಸಿದ್ದು?"

ಪ್ರಿಂಟು ಅವಳ ಕೈಚೀಲದಲ್ಲೇ ಇತ್ತು.

"ಗೊತ್ತಿಲ್ಲ ಮಾಷ್ಟ್ರೇ. ಅದೆಲ್ಲ ಬರೆದಿರುದಿಲ್ಲ."

"ಹೂಂ."

ಅವರ ಫೋನು ಹಾಡಿತು. ತಾನು ಕೆಲಸ ಮಾಡುವ ಡಬ್ಲಿನ್ನಿನ ಆಫೀಸಿನಿಂದ ಗೀತಾ. ಅವರು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವುದು. "ಅಪ್ಪ, ಆಯ್ತಾ ಓಟು? ಹೊರಗಡೆ ನಿಂತ್ಕೊಂಡು ಒಂದು ಫೋಟೋ ತೆಗ್ದು ಕಳ್ಸಿ. ಇಂಚರಾ ಕಾಯ್ತಾ ಇದಾಳೆ, ಕ್ಲಾಸ್‌ಮೇಟ್ಸಿಗೆಲ್ಲ ತೋರಿಸ್ಬೇಕಂತೆ."

"ಇನ್ನೂ ಇಲ್ಲಮ್ಮ. ಜನ ಐತೆ."

"ಈ ಹೊತ್ತಲ್ಲೂ ಕ್ಯೂ ಇದೆಯಾ? ಸರಿ ಬಿಡಿ, ಗ್ರ್ಯಾಂಡ್," ಎಂದಳು, ಇಲ್ಲಿಯವರು ಸರಿ ಎನ್ನುವ ಹಾಗೆ. "ನಿಧಾನಕ್ಕೆ ಹಾಕಿ."

ಅವರು ಫೋನನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಅಂಗಳದಲ್ಲಿ ಸಾಲು ಎಂಬುದೇ ಇರಲಿಲ್ಲ. ಒಬ್ಬ ಹೆಂಗಸು ನಾಯಿಯನ್ನು ಬೇಲಿಗೆ ಕಟ್ಟಿ ಒಳಗೆ ಹೋದಳು.

"ಎಂಬತ್ತೊಂಬತ್ತರ ಎಲೆಕ್ಷನ್ನಲ್ಲಿ," ಎಂದರು ಅವರು, ಅವಳನ್ನು ನೋಡದೆ. "ಅಕ್ಕಮ್ಮ ಅಂತ ಒಬ್ಳು. ಕೂಲಿ ಬಿಟ್ಟು ಬಂದಿದ್ಲು, ಮೂರು ಮೈಲಿ ನಡ್ಕೊಂಡು. ಲಿಸ್ಟಲ್ಲಿ ಅವಳ ಹೆಸರಿಗೆ ತೀರಿಕೊಂಡಿದ್ದಾಳೆ ಅಂತ ಹೊಡೆದ್ಬಿಟ್ಟಿದ್ರು. ತಾಲ್ಲೂಕಾಫೀಸಿಗೆ ಹೋಗಿ ಸರಿ ಮಾಡಿಸ್ಕೊ ಹೋಗಮ್ಮ ಅಂದೆ. ಇಲ್ಲೇ ನಿಂತಿವ್ನಲ್ಲ ಮೇಷ್ಟ್ರೇ, ನಾನು ನಿಮಗೆ ಕಾಣಾಕಿಲ್ವಾ ಅಂದ್ಲು."

"ಆಮೇಲೆ?" ಎಂದಳು ಲವೀನಾ.

"ಕಾಣ್ತಿದ್ಲು ಕಣಮ್ಮ. ಹಿಂದೆ ನಿಂತಿರೋರಿಗೆ ಮುಂದೆ ಬನ್ನಿ ಅಂದೆ."

ಅವಳಿಗೆ ಅವರ ಕೈ ಹಿಡಿದುಕೊಳ್ಳಬೇಕೆನಿಸಿತು. ಹಿಡಿಯಲಿಲ್ಲ. ಕ್ಷಮಿಸಿ ಎನ್ನಬೇಕೆನಿಸಿತು, ಅವರು ಅದಕ್ಕೂ ಪರವಾಗಿಲ್ಲ ಎಂದುಬಿಡುತ್ತಾರೆ ಎಂಬ ಹೆದರಿಕೆಗೆ ಅದನ್ನೂ ಅನ್ನಲಿಲ್ಲ. "ಮನೆಗೆ ಬಿಡ್ತೇನೆ, ಬನ್ನಿ," ಎಂದಳು.

"ಬರ್ತೀನಿ ನಡಿ."

ಅವಳು ಕಾರಿನ ಹತ್ತಿರ ಹೋಗಿ ತಿರುಗಿ ನೋಡಿದರೆ ಅವರು ಹಿಂದೆ ಇರಲಿಲ್ಲ. ಬಾಗಿಲಿನ ಮೆಟ್ಟಿಲ ಹತ್ತಿರ, ನಡೆಯಲು ಚಕ್ರದ ಆಸರೆ ಹಿಡಿದ ಮುದುಕಿಯೊಬ್ಬಳು ಬಾಗಿಲು ತೆಗೆಯಲಾಗದೆ ನಿಂತಿದ್ದಳು. ವೆಂಕಟೇಶಮೂರ್ತಿಗಳು ಅತ್ತ ಹೋಗಿ, ಭಾರದ ಗಾಜಿನ ಬಾಗಿಲನ್ನು ಎಳೆದು ಬೆನ್ನು ಕೊಟ್ಟು ನಿಂತರು. ಮುದುಕಿ ಏನೋ ಹೇಳಿ ಒಳಗೆ ಸರಿದಳು. ಅವಳ ಹಿಂದೆಯೇ ಬಾಡಿಗೆ ವ್ಯಾನಿನಿಂದ ಇಳಿದ ನಾಲ್ಕು ಜನ ಕೆಲಸಗಾರರು ಬಂದರು, ಬೂಟಿಗೆಲ್ಲ ಸಿಮೆಂಟು. ಅವರ ಹಿಂದೆ ಮಗುವಿನ ಗಾಡಿ ತಳ್ಳುತ್ತ ಒಬ್ಬಳು. ಸಂಜೆಯ ರೈಲು ಬಂದಿತ್ತೇನೋ, ಆಫೀಸಿನ ಬಟ್ಟೆಯಲ್ಲಿದ್ದವರು ಗೇಟಿನಿಂದ ಒಬ್ಬರ ಹಿಂದೊಬ್ಬರು ಬರತೊಡಗಿದರು. ಬಾಗಿಲು ಬಿಡುವುದಕ್ಕೆ ಮೇಷ್ಟ್ರಿಗೆ ಸಂದು ಸಿಗಲಿಲ್ಲ.

ಲವೀನಾಳ ಫೋನಿಗೆ ನೋರೀನ್‌ಳ ಮೆಸೇಜು ಬಂತು. ಇನ್ನೊಂದು ಮತಗಟ್ಟೆಯಿಂದ ಕರೆ ಬಂದಿದೆ, ಗಂಡ ಹೆಂಡತಿ, ಇಬ್ಬರೂ ಪಟ್ಟಿಯಲ್ಲಿಲ್ಲ. ಅವಳು ಕಾರಿನ ಬಾಗಿಲು ತೆರೆದು ಹಿಡಿದುಕೊಂಡೇ ನಿಂತಳು. ಅಲ್ಲಿ ಮೆಟ್ಟಿಲ ಮೇಲೆ, ಒಳಗೆ ಹೋಗುವವರೆಲ್ಲ ಥ್ಯಾಂಕ್ಸ್ ಎನ್ನುತ್ತಿದ್ದರು. ಒಬ್ಬೊಬ್ಬರಿಗೂ ಮೇಷ್ಟ್ರು ಸ್ವಲ್ಪ ತಲೆ ಬಾಗಿಸಿ, ದಾರಿ ತೋರಿಸುವಂತೆ ಇನ್ನೊಂದು ಕೈಯನ್ನು ಒಳಗಡೆಗೆ ಚಾಚುತ್ತಿದ್ದರು.